ಒಳಾಂಗಣ ಆಟದ ತಾಣಕ್ಕೆ ಗುಂಪು ಕಟ್ಟಿಕೊಂಡು ಹೋಗುವ ಮುನ್ನ: ಒಂದು ಸಮಗ್ರ ಮಾರ್ಗದರ್ಶಿ

ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್, ಚಿಮ್ಮುವ ಬಟ್ಟೆಯ ಮೇಲೆ ಜಿಗಿಯುವ ಟ್ರ್ಯಾಂಪೊಲಿನ್ ಪಾರ್ಕ್, ಒಗಟು ಬಿಡಿಸಿ ಕೋಣೆಯಿಂದ ಹೊರಬರುವ ಎಸ್ಕೇಪ್ ರೂಮ್ ಅಂತ ಮನೆಮಂದಿಯನ್ನೋ ಗೆಳೆಯರನ್ನೋ ಕರೆದುಕೊಂಡು ಹೋಗಿ, ಮುಖ ಸಪ್ಪಗೆ ಮಾಡಿಕೊಂಡು ವಾಪಸ್ ಬಂದವರ ಕತೆಗಳನ್ನು ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ. ಕತೆ ಹೆಚ್ಚುಕಡಿಮೆ ಒಂದೇ. ಯಾರೋ ಒಬ್ಬರು ಒಂದು ಜಾಗದ ಫೋಟೋ ನೋಡುತ್ತಾರೆ, ಗುಂಪಿಗೆ ಕಳಿಸುತ್ತಾರೆ, ಎಲ್ಲರೂ ಹೂಂ ಅನ್ನುತ್ತಾರೆ, ಬುಕಿಂಗ್ ಆಗಿಹೋಗುತ್ತದೆ. ಅಲ್ಲಿ ಹೋದಮೇಲೆ ಗೊತ್ತಾಗುತ್ತದೆ: ಚಿಕ್ಕವನಿಗೆ ಎತ್ತರ ಸಾಲದು, ದೊಡ್ಡಮ್ಮನಿಗೆ ಮಂಡಿನೋವು, ಇನ್ನಿಬ್ಬರಿಗೆ ಕತ್ತಲೆಂದರೆ ಆಗದು. ಆಡುವವರು ಒಳಗೆ ಹೋಗುತ್ತಾರೆ. ಉಳಿದವರು ಎಲ್ಲರ ಚಪ್ಪಲಿ, ಬ್ಯಾಗು, ಫೋನು ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ಗಂಟೆ ಕೂರುತ್ತಾರೆ.

ಇಲ್ಲಿ ತಪ್ಪಿರುವುದು ಕ್ರಮ. ಜನ ಮೊದಲು, ಆಟ ಆಮೇಲೆ, ಸಮಯದ ಲೆಕ್ಕ ಅದಾದಮೇಲೆ, ಜಾಗ ಕೊನೆಗೆ. ಇದನ್ನು ತಲೆಕೆಳಗು ಮಾಡಿದರೆ ಎಷ್ಟು ಒಳ್ಳೆಯ ಜಾಗವಾದರೂ ಯಾರಾದರೂ ಬ್ಯಾಗ್ ಕಾಯಲೇಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಕೈಯಲ್ಲಿ ಇರಬೇಕಾದದ್ದು

ಒಂದು ಹಾಳೆ, ಪೆನ್ನು, ಅಳತೆ ಟೇಪು ಇದ್ದರೆ ಶುರುಮಾಡಬಹುದು. ಹೋಗುವ ದಿನಕ್ಕೆ: ಪ್ರತಿಯೊಬ್ಬರಿಗೂ ಒಂದು ಜೊತೆ ಕಾಲುಚೀಲ, ಉದ್ದ ಕೂದಲಿದ್ದವರಿಗೆ ರಬ್ಬರ್ ಬ್ಯಾಂಡ್, ಉಂಗುರ, ಸರ, ಓಲೆ ಹಾಕಿಡಲು ಜಿಪ್ ಇರುವ ಪುಟ್ಟ ಚೀಲ, ಮಕ್ಕಳ ವಯಸ್ಸು ತೋರಿಸುವ ಯಾವುದಾದರೂ ದಾಖಲೆ, ಬ್ಯಾಂಡೇಜ್ ಪಟ್ಟಿ, ನೀರು. ಸದ್ದಿಗೆ ಬೆದರುವ ಮಗು ಇದ್ದರೆ ಕಿವಿ ಮುಚ್ಚುವ ಇಯರ್ ಮಫ್ ಸಹ ಇರಲಿ. ಇಷ್ಟು ಸಾಕು.

ಹಂತ 1: ಹಾಳೆಯಲ್ಲಿ ಹೆಸರು ಬರೆಯಿರಿ

ಬರುವವರ ಹೆಸರನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ವಯಸ್ಸು. ಮಕ್ಕಳಾದರೆ ಸೆಂಟಿಮೀಟರ್ ಲೆಕ್ಕದಲ್ಲಿ ಎತ್ತರ. ಮೂರನೇ ಕಾಲಂನಲ್ಲಿ ‘ಆಗದು’ ಎಂಬ ತಲೆಬರಹ ಕೊಟ್ಟು, ಅವರಿಗೆ ಏನು ಆಗದು ಎಂದು ಬರೆಯಿರಿ: ಕತ್ತಲು, ಮುಚ್ಚಿದ ಕೋಣೆ, ಎತ್ತರ, ಜೋರು ಸದ್ದು, ಮಿಣುಕುವ ಬೆಳಕು, ಬೆನ್ನು, ಮಂಡಿ, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಿಣಿಯಾಗಿರುವುದು.

ಇದನ್ನು ಗುಂಪಿನ ಚಾಟ್‌ನಲ್ಲಿ ಕೇಳಬೇಡಿ. ಎಲ್ಲರೆದುರು ಕೇಳಿದರೆ ‘ನನಗೇನೂ ತೊಂದರೆಯಿಲ್ಲ, ನೀವು ಹೇಳಿದ ಕಡೆ ಬರ್ತೀನಿ’ ಎನ್ನುವ ಉತ್ತರವೇ ಬರುತ್ತದೆ. ಹಾಗೆ ಹೇಳಿದವರೇ ಕೊನೆಗೆ ಬ್ಯಾಗ್ ಕಾಯುತ್ತಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಫೋನ್ ಮಾಡಿ. ‘ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಇರೋಕೆ ಆಗುತ್ತಾ?’ ಎಂದು ನೇರವಾಗಿ ಕೇಳಿದರೆ ನೇರ ಉತ್ತರ ಸಿಗುತ್ತದೆ. ಎರಡು ನಿಮಿಷದ ಮಾತು, ಆದರೆ ಇಡೀ ಯೋಜನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಎರಡು ನಿಮಿಷ ಇನ್ನೊಂದಿಲ್ಲ.

ಮಕ್ಕಳ ಎತ್ತರವನ್ನು ನೆನಪಿನಿಂದ ಬರೆಯಬೇಡಿ, ಅಳೆಯಿರಿ. ಶೂ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ಒಂದು ಪುಸ್ತಕವನ್ನು ಅಡ್ಡ ಇಟ್ಟು ಗುರುತು ಹಾಕಿ. ಒಮ್ಮೆ ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು, ಪುಟ್ಟ ರೇಸ್ ಗಾಡಿ ಓಡಿಸುವ ಗೋ ಕಾರ್ಟ್ ಜಾಗದ ಬಾಗಿಲಿನ ಎತ್ತರದ ಪಟ್ಟಿಯೆದುರು ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆಂಪು ಗೆರೆಗೆ ಎರಡು ಬೆರಳಷ್ಟು ಕಮ್ಮಿ. ಅವಳು ಮೆಲ್ಲಗೆ ತುದಿಗಾಲಲ್ಲಿ ನಿಂತಳು. ಅಲ್ಲಿದ್ದ ಹುಡುಗ ಬಗ್ಗಿ, ಒಂದು ಮಾತೂ ಆಡದೆ ಅವಳ ಹಿಮ್ಮಡಿಯನ್ನು ಬೆರಳಿನಿಂದ ಕೆಳಗೆ ಒತ್ತಿದ. ಅವನು ಮಾಡಿದ್ದು ಸರಿ. ಆ ಗೆರೆ ಇರುವುದು ಕಾಲು ಬ್ರೇಕಿಗೆ ಎಟುಕಬೇಕು, ಬೆಲ್ಟು ಭುಜದ ಮೇಲೆ ಸರಿಯಾಗಿ ಕೂರಬೇಕು ಎಂಬ ಕಾರಣಕ್ಕೆ. ಅಲ್ಲಿಗೆ ಕರೆದೊಯ್ಯುವ ಮುಂಚೆಯೇ ನಾವು ಅಳೆಯಬೇಕಿತ್ತು.

ಹಂತ 2: ಆಟವನ್ನು ಗುಂಪಿಗೆ ಹೊಂದಿಸಿ

ಈಗ ಹಾಳೆ ನೋಡಿ. ಅದರಲ್ಲಿ ಅತಿ ಹೆಚ್ಚು ‘ಆಗದು’ಗಳು ಯಾರ ಹೆಸರಿನ ಮುಂದಿವೆಯೋ ಅವರಿಂದ ಶುರುಮಾಡಿ. ಅವರಿಗೆ ಹೊಂದುವ ಆಟ ಯಾವುದು? ಉಳಿದವರಿಗೆ ಅದು ಸಾಕೇ? ಸಾಲದಿದ್ದರೆ ಒಂದೇ ಕಟ್ಟಡದಲ್ಲಿ ಎರಡು ಬಗೆಯ ಆಟ ಇರುವ ಕಡೆ ಹುಡುಕಬೇಕು.

ಎಲ್ಲ ವಯಸ್ಸಿನವರೂ ಸೇರಿದ ಗುಂಪಿಗೆ ನಾನು ಮೊದಲು ಹೇಳುವುದು ಬೌಲಿಂಗ್. ಇದು ಸರದಿಯ ಆಟ. ಒಬ್ಬರು ಆಡುವಾಗ ಉಳಿದವರು ಅಲ್ಲೇ ಕೂತು ಮಾತಾಡಬಹುದು, ಕೂಗಬಹುದು, ಅಂಕ ನೋಡಬಹುದು. ಚೆಂಡು ಸಾಮಾನ್ಯವಾಗಿ 6ರಿಂದ 16 ಪೌಂಡ್, ಅಂದರೆ ಸುಮಾರು 2.7ರಿಂದ 7.3 ಕೆಜಿ ತನಕ ಸಿಗುತ್ತದೆ. ಮಕ್ಕಳ ಚೆಂಡು ಪಕ್ಕದ ಕಾಲುವೆಗೆ ಬೀಳದಂತೆ ತಡೆಯುವ ಬಂಪರ್‌ಗಳನ್ನು ಅನೇಕ ಕಡೆ ಎಬ್ಬಿಸಿ ಕೊಡುತ್ತಾರೆ. ಬಗ್ಗಲಾಗದವರು ಮತ್ತು ಗಾಲಿಕುರ್ಚಿಯಲ್ಲಿರುವವರು ಚೆಂಡನ್ನು ಜಾರಿಸಿ ಬಿಡಲು ಇಳಿಜಾರು ಚೌಕಟ್ಟು ಅನೇಕ ಕಡೆ ಇರುತ್ತದೆ. ಮುಂಚೆಯೇ ಕೇಳಿದರೆ ತಂದಿಡುತ್ತಾರೆ.

ಎಸ್ಕೇಪ್ ರೂಮ್ ನಾಲ್ಕರಿಂದ ಆರು ಜನರಿಗೆ ಚೆನ್ನ. ಎಂಟು ಜನ ಹಿಡಿಸುತ್ತದೆ ಎಂದು ಬರೆದಿದ್ದರೂ ಎಂಟು ಜನ ಹೋಗಬೇಡಿ, ಇಬ್ಬರು ಗೋಡೆಗೆ ಒರಗಿ ನಿಂತಿರುತ್ತಾರೆ. ಎರಡು ಕೋಣೆ ತೆಗೆದುಕೊಂಡು ನಾಲ್ಕು ನಾಲ್ಕು ಜನ ಹೋಗಿ. ಹೆದರಿಸುವ ಕಥಾವಸ್ತು ಇದ್ದರೆ ಮಕ್ಕಳಿಗೆ ಅದು ಬೇಡ. ಒಗಟು ಯಾವ ಭಾಷೆಯಲ್ಲಿದೆ ಎನ್ನುವುದನ್ನೂ ಕೇಳಿಕೊಳ್ಳಿ. ಭಾಷೆ ಬಾರದವರು ಒಂದು ಗಂಟೆ ಸುಮ್ಮನೆ ನಿಲ್ಲಬೇಕಾಗುತ್ತದೆ.

ಟ್ರ್ಯಾಂಪೊಲಿನ್ ಪಾರ್ಕ್ ಸರಿಸುಮಾರು ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ಗುಂಪಿಗೆ ಮಾತ್ರ. ಆರು ವರ್ಷದೊಳಗಿನ ಮಕ್ಕಳು ಟ್ರ್ಯಾಂಪೊಲಿನ್ ಬಳಸುವುದು ಬೇಡ ಎಂದು ಅಮೆರಿಕದ ಮೂಳೆತಜ್ಞರ ಅಕಾಡೆಮಿ ಹೇಳುತ್ತದೆ. ಅಷ್ಟು ಚಿಕ್ಕವರಿದ್ದರೆ ಮೆತ್ತನೆ ದಿಂಬು, ಜಾರುಬಂಡಿ ಇರುವ ಸಾಫ್ಟ್ ಪ್ಲೇ ಹುಡುಕಿ. ಅಲ್ಲೂ ನಡೆಯಲು ಕಲಿಯುತ್ತಿರುವ ಕಂದಮ್ಮಗಳಿಗೆ ಬೇಲಿ ಹಾಕಿದ ಪ್ರತ್ಯೇಕ ಜಾಗ ಇರಬೇಕು. ಇಲ್ಲದಿದ್ದರೆ ಎಂಟು ವರ್ಷದವರು ಓಡಿಬರುವ ದಾರಿಯಲ್ಲೇ ಅವು ಕೂತಿರುತ್ತವೆ.

ಬೆಳಕಿನ ಬಂದೂಕಿನಿಂದ ಒಬ್ಬರಿಗೊಬ್ಬರು ಗುರಿಯಿಡುವ ಲೇಸರ್ ಟ್ಯಾಗ್ ಕತ್ತಲು, ಹೊಗೆ, ಮಿಣುಕು ಬೆಳಕು ಮೂರೂ ಸೇರಿದ ಆಟ. ಬೆಳಕಿನ ಮಿಣುಕಿನಿಂದ ಅಪಸ್ಮಾರ ಕೆರಳುವವರಿಗೆ ಸೆಕೆಂಡಿಗೆ 3ರಿಂದ 30 ಸಲ ಮಿಣುಕುವ ಬೆಳಕು ಅಪಾಯಕಾರಿ. ಆಸ್ತಮಾ ಇದ್ದವರು ಹೊಗೆಯ ಬಗ್ಗೆ ಮುಂಚೆಯೇ ವಿಚಾರಿಸಬೇಕು. ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರಿನ ಲೋಕದೊಳಗೆ ಆಡುವ ವಿಆರ್ ಹೆಡ್‌ಸೆಟ್‌ಗಳಿಗೆ ತಯಾರಕರು ಸಾಮಾನ್ಯವಾಗಿ 10ರಿಂದ 13 ವರ್ಷದ ಕನಿಷ್ಠ ವಯಸ್ಸು ಹಾಕಿರುತ್ತಾರೆ. ವಾಹನದಲ್ಲಿ ಕೂತರೆ ವಾಂತಿ ಬರುವವರಿಗೆ ವಿಆರ್ ಕೂಡ ಕಷ್ಟವೇ. ಐಸ್ ಸ್ಕೇಟಿಂಗ್, ಗೋಡೆ ಹತ್ತುವ ಆಟ, ಗೋ ಕಾರ್ಟ್ ಇವೆಲ್ಲ ಆಡುವ ಮನಸ್ಸಿರುವವರಿಗೆ ಸೊಗಸು, ಆದರೆ ನೋಡುತ್ತ ಕೂರುವವರಿಗೆ ಏನೂ ಇಲ್ಲ. ಬೋರ್ಡ್ ಗೇಮ್ ಕೆಫೆಯನ್ನು ಜನ ಯಾಕೋ ಮರೆತೇಬಿಡುತ್ತಾರೆ. ಅಜ್ಜ ಮೊಮ್ಮಗಳು ಸರಿಸಮಾನರಾಗಿ ಆಡಬಲ್ಲ ಜಾಗ ಅದೊಂದೇ ಎಂದು ನನಗನ್ನಿಸುತ್ತದೆ.

ಹಂತ 3: ಗಡಿಯಾರದ ಲೆಕ್ಕ ಹಾಕಿ

ಬಹುಪಾಲು ಜಗಳ ಹುಟ್ಟುವುದು ಇಲ್ಲಿ. ‘ಒಂದು ಗಂಟೆ ಸ್ಲಾಟ್’ ಎಂದರೆ ಒಂದು ಗಂಟೆ ಆಟ ಅಂತ ಅಂದುಕೊಳ್ಳುತ್ತೇವೆ. ಹಲವು ಕಡೆ ಗಡಿಯಾರ ಓಡತೊಡಗುವುದು ಸ್ಲಾಟ್ ಶುರುವಾದ ಕ್ಷಣದಿಂದ. ಶೂ ಬದಲಿಸುವುದು, ಲಾಕರ್ ಹುಡುಕುವುದು, ಸುರಕ್ಷತೆಯ ಮಾತು ಕೇಳುವುದು ಎಲ್ಲ ನಿಮ್ಮ ಲೆಕ್ಕಕ್ಕೇ.

ಬೌಲಿಂಗ್‌ನಲ್ಲಿ ಒಬ್ಬರಿಗೆ ಒಂದು ಗೇಮ್‌ಗೆ ಸುಮಾರು 10 ನಿಮಿಷ ಹಿಡಿಯಿರಿ. ಆರು ಜನ ಒಂದೇ ಲೇನ್‌ನಲ್ಲಿ, ಅಂದರೆ ಚೆಂಡು ಉರುಳುವ ಒಂದೇ ಪಟ್ಟಿಯಲ್ಲಿ, ಆಡಿದರೆ ಒಂದು ಗೇಮ್‌ಗೆ ಒಂದು ಗಂಟೆ. ಎಂಟು ಜನರಾದರೆ ಒಂದು ಗಂಟೆಯಲ್ಲಿ ಒಂದು ಗೇಮ್ ಕೂಡ ಮುಗಿಯುವುದಿಲ್ಲ, ಅಂಕದ ಪರದೆ ಮಧ್ಯದಲ್ಲೇ ಆರಿಹೋಗುತ್ತದೆ. ಆದ್ದರಿಂದ ಎಂಟು ಜನರಿಗೆ ಅಕ್ಕಪಕ್ಕದ ಎರಡು ಲೇನ್ ಕೇಳಿ. ಮಕ್ಕಳಿದ್ದರೆ ಸರದಿ ಬೇಗ ಬರಬೇಕು. ನಾಲ್ಕಕ್ಕಿಂತ ಹೆಚ್ಚು ಜನ ಒಂದು ಲೇನ್‌ಗೆ ಬೇಡ.

ಎಸ್ಕೇಪ್ ರೂಮ್ ಸಾಮಾನ್ಯವಾಗಿ 60 ನಿಮಿಷ. ಮುಂಚಿನ ವಿವರಣೆ, ಆಮೇಲಿನ ಮಾತು ಸೇರಿ ಒಂದೂವರೆ ಗಂಟೆ ಎಂದುಕೊಳ್ಳಿ. ಟ್ರ್ಯಾಂಪೊಲಿನ್‌ಗೆ ಒಂದು ಗಂಟೆ ಬೇಕಾದಷ್ಟಾಯಿತು. ಎರಡು ಗಂಟೆಯ ಟಿಕೆಟ್ ಲಾಭ ಅನ್ನಿಸಬಹುದು, ಆದರೆ ದಣಿದ ಕಾಲು ನೆಟ್ಟಗೆ ಊರುವುದಿಲ್ಲ.

ಲೆಕ್ಕವನ್ನು ಹಿಂದಿನಿಂದ ಮಾಡಿ. ಆಟ 4 ಗಂಟೆಗೆ ಎಂದರೆ ಬಾಗಿಲಲ್ಲಿ 3.30ಕ್ಕೆ ಇರಬೇಕು. ಗುಂಪಿಗೆ ಹೇಳುವ ಸಮಯ 3.15. ಕೊನೆಯವರು ಬರುವವರೆಗೆ ಕಾಯುತ್ತೇವೆಯೋ ಇಲ್ಲವೋ ಎನ್ನುವುದನ್ನು ಮುಂಚೆಯೇ ತೀರ್ಮಾನಿಸಿ ಎಲ್ಲರಿಗೂ ಹೇಳಿಬಿಡಿ. ನನ್ನ ಪ್ರಕಾರ ಕಾಯಬಾರದು, ಮಕ್ಕಳನ್ನು ಕರೆದುಕೊಂಡು ಒಳಗೆ ನಡೆಯಬೇಕು.

ಹಂತ 4: ಜಾಗ ಆರಿಸಿ, ಆದರೆ ಫೋನ್ ಮಾಡಿ ಕೇಳಿ

ಈಗ ಮಾತ್ರ ಜಾಗ ಹುಡುಕಿ. ಎರಡು ಮೂರು ಕಡೆ ಗುರುತು ಮಾಡಿಕೊಂಡು ಪ್ರತಿಯೊಂದಕ್ಕೂ ಫೋನ್ ಮಾಡಿ. ವೆಬ್‌ಸೈಟ್‌ನಲ್ಲಿರುವ ಫೋಟೋ ಉದ್ಘಾಟನೆ ದಿನದ್ದಿರಬಹುದು. ಕೇಳಬೇಕಾದ್ದು ಇಷ್ಟು:

- ಆಡದೆ ಜೊತೆಗೆ ಬರುವವರಿಗೆ ಪ್ರವೇಶ ಇದೆಯೇ, ಟಿಕೆಟ್ ಬೇಕೇ, ಕೂರಲು ಬೆನ್ನಿರುವ ಕುರ್ಚಿ ಇದೆಯೇ? ಅಲ್ಲಿಂದ ಆಟ ಕಾಣುತ್ತದೆಯೇ?
- ಎತ್ತರ, ವಯಸ್ಸು, ತೂಕದ ಮಿತಿ ಎಷ್ಟು? ಒಂದೊಂದು ಆಟಕ್ಕೂ ಬೇರೆ ಬೇರೆಯೇ?
- ಆ ಹೊತ್ತಿಗೆ ದೊಡ್ಡ ಪಾರ್ಟಿ ಬುಕ್ ಆಗಿದೆಯೇ?
- ಈಗ ಕೆಟ್ಟಿರುವ ಯಂತ್ರ, ಮುಚ್ಚಿರುವ ವಿಭಾಗ ಯಾವುದಾದರೂ ಇದೆಯೇ?
- ಲಿಫ್ಟ್ ಆಟದ ಮಹಡಿಯವರೆಗೂ ಬರುತ್ತದೆಯೇ? ಶೌಚಾಲಯ ಅದೇ ಮಹಡಿಯಲ್ಲಿದೆಯೇ?
- ತಡವಾದರೆ, ಒಬ್ಬರು ಬರದಿದ್ದರೆ ಹಣ ಏನಾಗುತ್ತದೆ?
- ಗ್ರಿಪ್ ಸಾಕ್ಸ್ (ತಳ ಜಾರದ ಕಾಲುಚೀಲ) ಅಲ್ಲೇ ಕೊಳ್ಳಬೇಕೇ, ನಮ್ಮದು ನಡೆಯುತ್ತದೆಯೇ?

ಎಸ್ಕೇಪ್ ರೂಮ್ ಆದರೆ ಇನ್ನೊಂದು ಪ್ರಶ್ನೆ ಕಡ್ಡಾಯ: ಬಾಗಿಲಿಗೆ ನಿಜವಾಗಿಯೂ ಬೀಗ ಹಾಕುತ್ತೀರಾ, ನಾವೇ ಒಳಗಿನಿಂದ ತೆರೆಯಬಹುದೇ? ‘ನಮ್ಮ ಸಿಬ್ಬಂದಿ ಬಂದು ತೆಗೀತಾರೆ’ ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ಯಾಕೆಂದು ಹಂತ 7ರಲ್ಲಿ ಹೇಳುತ್ತೇನೆ.

ಉತ್ತರ ಕೊಡುವ ಧಾಟಿಯೂ ಸುಳಿವು ಕೊಡುತ್ತದೆ. ಎತ್ತರದ ಮಿತಿ ಕೇಳಿದಾಗ ‘ಅಯ್ಯೋ ಬನ್ನಿ, ಅಡ್ಜಸ್ಟ್ ಮಾಡೋಣ’ ಎನ್ನುವ ಕಡೆ ಉಳಿದ ನಿಯಮಗಳನ್ನೂ ಅಡ್ಜಸ್ಟ್ ಮಾಡಿರುತ್ತಾರೆ.

ಹಂತ 5: ಹಣ, ಬುಕಿಂಗ್, ಸಹಿ

ಹಣ ಮೊದಲೇ ಒಬ್ಬರ ಕೈ ಸೇರಲಿ. ಹಣ ಕೊಟ್ಟವರ ತಲೆ ಎಣಿಸಿ ಬುಕ್ ಮಾಡಿ, ಹೂಂ ಅಂದವರದ್ದಲ್ಲ.

ಯಂತ್ರದ ಆಟಗಳಿರುವ ಆರ್ಕೇಡ್‌ನಲ್ಲಿ ಹಣ ತುಂಬಿಸಿ ಬಳಸುವ ಕಾರ್ಡ್‌ಗೆ ಮೊದಲ ಸಲವೇ ದೊಡ್ಡ ಮೊತ್ತ ತುಂಬಿಸಬೇಡಿ. ‘ಇಷ್ಟು ಹಾಕಿದರೆ ಅಷ್ಟು ಬೋನಸ್’ ಎನ್ನುವ ಫಲಕ ಕಣ್ಣಿಗೆ ರಾಚುವಂತಿರುತ್ತದೆ. ಉಳಿದ ಮೊತ್ತ ವಾಪಸ್ ಬರುತ್ತದೆಯೇ, ಎಷ್ಟು ದಿನ ನಡೆಯುತ್ತದೆ ಎಂದು ಕೇಳಿಕೊಂಡು, ಕನಿಷ್ಠ ಮೊತ್ತದಿಂದ ಶುರುಮಾಡಿ. ಪ್ರತಿ ಮಗುವಿಗೆ ಬೇರೆ ಕಾರ್ಡ್ ಕೊಟ್ಟರೆ ಯಾರು ಎಷ್ಟು ಆಡಿದರು ಎಂಬ ಜಗಳ ಇರುವುದಿಲ್ಲ.

ಅಪಾಯ ನಮ್ಮದೇ ಎಂದು ಒಪ್ಪಿಕೊಳ್ಳುವ ಹೊಣೆಪತ್ರಕ್ಕೆ, ಅಂದರೆ ವೇವರ್‌ಗೆ, ಓದದೆ ಸಹಿ ಹಾಕುವುದು ತೀರಾ ಸಾಮಾನ್ಯ ತಪ್ಪು. ಅದರಲ್ಲೇ ಯಾರು ಆಡಬಾರದು ಎಂಬ ಪಟ್ಟಿ ಇರುತ್ತದೆ. ಮುಂಚೆಯೇ ತರಿಸಿಕೊಂಡು ನಿಮ್ಮ ಹಾಳೆಯ ಮೂರನೇ ಕಾಲಂ ಪಕ್ಕದಲ್ಲಿಟ್ಟು ಓದಿ. ಬೇರೆಯವರ ಮಕ್ಕಳನ್ನು ಕರೆದೊಯ್ಯುತ್ತಿದ್ದರೆ ಸಹಿ ಅವರ ತಂದೆತಾಯಿಯದ್ದೇ ಆಗಬೇಕು. ನೀವು ಹಾಕಬೇಡಿ.

ಹಂತ 6: ಬಟ್ಟೆ, ಹೊಟ್ಟೆ

ಮೈಗೆ ಹತ್ತಿಕೊಳ್ಳದ, ನೇತಾಡದ ಬಟ್ಟೆ. ಗೋ ಕಾರ್ಟ್‌ಗೆ ಶಾಲು, ಸ್ಕಾರ್ಫ್, ಇಳಿಬಿದ್ದ ಲಾಡಿ ಯಾವುದೂ ಬೇಡವೇ ಬೇಡ. ತಿರುಗುವ ಅಚ್ಚಿಗೆ ಅದು ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ. ಕೂದಲು ಕಟ್ಟಿ ಹೆಲ್ಮೆಟ್ ಒಳಗೆ ಸೇರಿಸಬೇಕು. ಐಸ್ ಸ್ಕೇಟಿಂಗ್‌ಗೆ ಕೈಗವಸು, ಉದ್ದನೆಯ ಪ್ಯಾಂಟು, ದಪ್ಪವಲ್ಲದ ಉದ್ದ ಕಾಲುಚೀಲ. ಊಟ ಮಾಡಿದ ಕೂಡಲೇ ಜಿಗಿಯುವ ಆಟ, ವಿಆರ್ ಎರಡೂ ಬೇಡ.

ಹಂತ 7: ಒಳಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ದಯವಿಟ್ಟು ಈ ಹಂತವನ್ನು ಹಾರಿಸಬೇಡಿ. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ನಗರದ ಎಸ್ಕೇಪ್ ರೂಮ್ ಒಂದರಲ್ಲಿ ಬೆಂಕಿ ಬಿದ್ದು, ಹುಟ್ಟುಹಬ್ಬ ಆಚರಿಸಲು ಹೋಗಿದ್ದ 15 ವರ್ಷದ ಐವರು ಹುಡುಗಿಯರು ಹೊರಬರಲಾಗದೆ ಸತ್ತರು. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್ ಬೆಂಕಿಯಲ್ಲಿ ಸತ್ತವರು 25ಕ್ಕೂ ಹೆಚ್ಚು, ಅವರಲ್ಲಿ ಮಕ್ಕಳೂ ಇದ್ದರು. ಎರಡೂ ಕಡೆ ಜನ ಹೋಗಿದ್ದು ಆಟಕ್ಕೆ, ನಮ್ಮ ಹಾಗೆಯೇ.

ಮಕ್ಕಳಿಗೆ ಶೂ ಬಿಚ್ಚಿಸುವ ಮುಂಚೆ ಒಬ್ಬರು ಸುತ್ತ ನಡೆದು ಬನ್ನಿ. ಬಂದ ಬಾಗಿಲು ಬಿಟ್ಟು ಇನ್ನೊಂದು ಹೊರದಾರಿ ಇರಬೇಕು. ಅದರ ಹತ್ತಿರ ಹೋಗಿ ನಿಲ್ಲಿ. ಮುಂದೆ ಕುರ್ಚಿ, ರಟ್ಟಿನ ಪೆಟ್ಟಿಗೆ ಪೇರಿಸಿದ್ದಾರೆಯೇ? ಸರಪಳಿ ಇದೆಯೇ? ಒಳಗಿನಿಂದ ತಳ್ಳಿದರೆ ತೆರೆಯುವ ಹಿಡಿಕೆ ಇದೆಯೇ? ಕತ್ತಲಲ್ಲೂ ಹೊಳೆಯುವ ದಾರಿಸೂಚಕ ಇದೆಯೇ? ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಸಿಬ್ಬಂದಿಯನ್ನು ಕೇಳಿ. ಉತ್ತರ ಕೊಡಲು ತಡವರಿಸಿದರೆ ಅವರಿಗೂ ಗೊತ್ತಿಲ್ಲ ಎಂದರ್ಥ. ಆಮೇಲೆ ಗುಂಪನ್ನು ಕರೆದು, ‘ಏನಾದರೂ ಆದರೆ ಈ ಬಾಗಿಲು, ಹೊರಗೆ ಸೇರುವುದು ಇಂಥ ಕಡೆ’ ಎಂದು ಕೈತೋರಿಸಿ ಹೇಳಿ. ಮಕ್ಕಳಿಗೆ ಇನ್ನೊಮ್ಮೆ ಹೇಳಿಸಿ.

ಕೂಡಲೇ ವಾಪಸ್ ಹೊರಡಬೇಕಾದ ಸೂಚನೆಗಳು ಇವು: ಜನ ಆಡುತ್ತಿರುವಾಗಲೇ ಪಕ್ಕದಲ್ಲಿ ವೆಲ್ಡಿಂಗ್ ಕೆಲಸ, ಪೆಟ್ರೋಲ್ ಅಥವಾ ಡೀಸೆಲ್ ಕ್ಯಾನುಗಳು, ಬೀಗ ಹಾಕಿದ ತುರ್ತು ಬಾಗಿಲು, ಮಹಡಿಗೆ ಒಂದೇ ಇಕ್ಕಟ್ಟಾದ ಮೆಟ್ಟಿಲು. ಕೊಟ್ಟ ಹಣ ಹೋದರೆ ಹೋಗಲಿ. ನಾನು ಒಮ್ಮೆ ಒಂಬತ್ತು ಜನರ ಗುಂಪನ್ನು ಹೀಗೆ ಬಾಗಿಲಿನಿಂದಲೇ ತಿರುಗಿಸಿಕೊಂಡು ಬಂದಿದ್ದೇನೆ. ಹಿಂಬಾಗಿಲಿಗೆ ಅಡ್ಡವಾಗಿ ಹಳೆಯ ಆಟದ ಯಂತ್ರವೊಂದನ್ನು ನಿಲ್ಲಿಸಿದ್ದರು. ಮಕ್ಕಳು ಅತ್ತರು, ದೊಡ್ಡವರು ಮುನಿಸಿಕೊಂಡರು. ಇವತ್ತಿಗೂ ನನಗೆ ಅದರ ಬಗ್ಗೆ ಎರಡನೇ ಯೋಚನೆ ಇಲ್ಲ.

ಇನ್ನೊಂದು ಅಪಾಯ ಕಣ್ಣಿಗೆ, ಮೂಗಿಗೆ ಸಿಗದು. ಪೆಟ್ರೋಲ್ ಎಂಜಿನ್‌ನ ಗೋ ಕಾರ್ಟ್ ಇರುವ ಒಳಾಂಗಣದಲ್ಲಿ, ಇಂಧನದಿಂದ ಓಡುವ ಯಂತ್ರದಿಂದ ಮಂಜುಗಡ್ಡೆಯ ನೆಲ ನಯಗೊಳಿಸುವ ಐಸ್ ರಿಂಕ್‌ನಲ್ಲಿ ಗಾಳಿಯಾಟ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ಗುಂಪಿನ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ದಣಿವು ಎಂದು ತಳ್ಳಿಹಾಕದೆ ಎಲ್ಲರನ್ನೂ ಬಯಲಿಗೆ ಕರೆತನ್ನಿ, ಸಿಬ್ಬಂದಿಗೂ ತಿಳಿಸಿ.

ಹಂತ 8: ಆಟದೊಳಗೆ ಎಡವುವ ಕಡೆಗಳು

ಬೌಲಿಂಗ್: ಅಲ್ಲಿ ಕೊಡುವ ಶೂವಿನ ತಳ ಜಾರುವಂತೆ ಮಾಡಿದ್ದು. ಅದನ್ನು ಹಾಕಿಕೊಂಡು ಶೌಚಾಲಯಕ್ಕೆ ಹೋಗಿ ತಳ ಒದ್ದೆಯಾದರೆ, ಮುಂದಿನ ಸರದಿಯಲ್ಲಿ ಕಾಲು ಜಾರುವ ಬದಲು ತಟ್ಟನೆ ಕಚ್ಚಿಕೊಂಡು ಮುಗ್ಗರಿಸುತ್ತೀರಿ. ಚೆಂಡು ಆರಿಸುವಾಗ ಮೈತೂಕದ ಹತ್ತನೇ ಒಂದು ಭಾಗದಿಂದ ಶುರುಮಾಡಿ, ಭಾರ ಅನ್ನಿಸಿದರೆ ಇಳಿಸಿ. ಹೆಬ್ಬೆರಳು ತೂತಿನಿಂದ ಸಲೀಸಾಗಿ ಹೊರಬರಬೇಕು. ವಾಪಸ್ ಬರುವ ಚೆಂಡನ್ನು ಎರಡು ಬದಿಯಿಂದ ಹಿಡಿದೆತ್ತಿ. ಎರಡು ಚೆಂಡುಗಳ ನಡುವೆ ಬೆರಳಿಟ್ಟರೆ ಹಿಂದಿನಿಂದ ಬರುವ ಮೂರನೆಯದು ಜಜ್ಜುತ್ತದೆ. ಫೌಲ್ ಗೆರೆ ದಾಟಿ ಲೇನ್ ಮೇಲೆ ಕಾಲಿಡಬೇಡಿ. ಆ ನೆಲಕ್ಕೆ ಎಣ್ಣೆ ಸವರಿರುತ್ತಾರೆ, ನೋಡಲು ಒಣಗಿದಂತೆಯೇ ಕಾಣುತ್ತದೆ.

ಟ್ರ್ಯಾಂಪೊಲಿನ್: ಒಂದು ಚೌಕಕ್ಕೆ ಒಬ್ಬರೇ. ಇದೊಂದು ನಿಯಮ ಪಾಲಿಸಿದರೆ ಅರ್ಧಕ್ಕಿಂತ ಹೆಚ್ಚು ಅಪಾಯ ಹೋಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ ಪ್ರಕಾರ, ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಹಲವರು ಒಟ್ಟಿಗೆ ಜಿಗಿಯುವಾಗ. ಅಪ್ಪ ಪಕ್ಕದಲ್ಲಿ ಇಳಿದ ರಭಸಕ್ಕೆ ಟ್ರ್ಯಾಂಪೊಲಿನ್ ಬಟ್ಟೆ ಮೇಲಕ್ಕೆ ಚಿಮ್ಮುತ್ತದೆ, ಅದೇ ಕ್ಷಣ ಮಗು ಕೆಳಗೆ ಬರುತ್ತಿರುತ್ತದೆ, ಎರಡೂ ಬಲ ಆ ಪುಟ್ಟ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸೇರುತ್ತವೆ. ಮಗುವಿನ ಮೇಲಿನ ಪ್ರೀತಿಯಿಂದ ಕೈಹಿಡಿದು ಜೊತೆಗೆ ಜಿಗಿಯುವುದೇ ಇಲ್ಲಿ ಅಪಾಯ. ಪಲ್ಟಿ ಬೇಡ, ಬಲ್ಲವರೂ ಬೇಡ. ಸ್ಪಂಜಿನ ಗುಂಡಿಗೆ ಹಾರುವ ಮುಂಚೆ ಒಳಗೆ ಯಾರೂ ಇಲ್ಲವೆಂದು ನೋಡಿ, ಕಾಲು ಮುಂದಾಗಿ ಇಳಿಯಿರಿ, ಬೇಗ ಈಚೆ ಬನ್ನಿ. ನಿಲ್ಲಬೇಕೆನಿಸಿದಾಗ ಮಂಡಿ ಮಡಚಿದರೆ ಜಿಗಿತ ಸಾಯುತ್ತದೆ. ಇದನ್ನು ಮಗುವಿಗೆ ಮೊದಲ ನಿಮಿಷದಲ್ಲೇ ಕಲಿಸಿ.

ಎಸ್ಕೇಪ್ ರೂಮ್: ಮೊದಲ ಐದು ನಿಮಿಷ ಯಾರೂ ಒಗಟು ಬಿಡಿಸಲು ಕೂರಬೇಡಿ. ಎಲ್ಲರೂ ಹುಡುಕಿ, ಸಿಕ್ಕಿದ್ದನ್ನೆಲ್ಲ ಒಂದು ಮೇಜಿನ ಮೇಲಿಡಿ. ಕಂಡದ್ದನ್ನು ಗಟ್ಟಿಯಾಗಿ ಹೇಳಿ: ‘ಇಲ್ಲಿ ನಾಲ್ಕು ಅಂಕಿಯ ಬೀಗ’, ‘ಇಲ್ಲಿ ಮೂರು ಬಣ್ಣ’. ಒಬ್ಬರ ಕೈಯಲ್ಲಿ ಬಣ್ಣ, ಇನ್ನೊಬ್ಬರ ಮುಂದೆ ಬೀಗ, ಇಬ್ಬರೂ ಮೌನ. ಗುಂಪುಗಳು ಸೋಲುವುದು ಹೀಗೆ. ಬಳಸಿ ಮುಗಿದ ಕೀಲಿಯನ್ನು ಅದರ ಬೀಗದಲ್ಲೇ ಬಿಡಿ. ಐದಾರು ನಿಮಿಷ ಕದಲದಿದ್ದರೆ ಸುಳಿವು ಕೇಳಿ, ಅದರಲ್ಲಿ ಅವಮಾನವಿಲ್ಲ. ಬಲ ಹಾಕಿ ಎಳೆಯಬೇಕಾದ ಒಗಟು ಇರುವುದಿಲ್ಲ. ಎಳೆಯಬೇಕಾಗಿದೆ ಎಂದರೆ ನೀವು ತಪ್ಪು ಕಡೆ ಇದ್ದೀರಿ.

ಗೋಡೆ ಹತ್ತುವ ಆಟ: ಹತ್ತಿದಂತೆ ಹಗ್ಗವನ್ನು ತಾನೇ ಎಳೆದುಕೊಂಡು, ಬಿಟ್ಟಾಗ ಮೆಲ್ಲಗೆ ಇಳಿಸುವ ಆಟೋ ಬಿಲೇ ಯಂತ್ರ ಅನೇಕ ಕಡೆ ಇದೆ. ಯಂತ್ರ ಕೈಕೊಡುವುದು ಅಪರೂಪ. ಕೊಕ್ಕೆ ಹಾಕಿಕೊಳ್ಳಲು ಮರೆತು ಹತ್ತುವುದೇ ದೊಡ್ಡ ಅವಘಡಗಳಿಗೆ ಕಾರಣ, ಹತ್ತಾರು ಸಲ ಹತ್ತಿದವರೂ ಮರೆತಿದ್ದಾರೆ. ಆದ್ದರಿಂದ ಪ್ರತಿ ಸಲ, ಕಾಲು ನೆಲ ಬಿಡುವ ಮುಂಚೆ, ಕೆಳಗಿರುವವರು ಕೊಕ್ಕೆಯನ್ನು ಕೈಯಿಂದ ಹಿಡಿದು ಎಳೆದು ನೋಡಬೇಕು. ಕಣ್ಣಲ್ಲಿ ನೋಡಿದರೆ ಸಾಲದು.

ಐಸ್ ಸ್ಕೇಟಿಂಗ್: ಶೂ ಹಾಕಿ ಮಂಡಿ ಬಗ್ಗಿಸಿ ನಿಂತಾಗ ಹಿಮ್ಮಡಿ ಮೇಲೇಳಬಾರದು. ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ, ಬೆರಳ ಬಳಿ ಸ್ವಲ್ಪ ಸಡಿಲವಾಗಿ ಕಟ್ಟಿ. ಬೀಳುವುದು ಖಚಿತ, ಹಾಗಾಗಿ ಮಂಡಿ ಬಗ್ಗಿಸಿ ಪಕ್ಕಕ್ಕೆ ಬೀಳಲು ಕಲಿಯಿರಿ. ಬಿದ್ದ ಕೂಡಲೇ ಮುಷ್ಟಿ ಬಿಗಿಹಿಡಿಯಿರಿ, ಹರಡಿದ ಬೆರಳ ಮೇಲೆ ಬೇರೆಯವರ ಬ್ಲೇಡ್ ಹರಿಯಬಾರದು.

ಲೇಸರ್ ಟ್ಯಾಗ್‌ನಲ್ಲಿ ಓಡಬೇಡಿ. ಮೂಲೆ ತಿರುಗುವಾಗ ತಲೆಗೆ ತಲೆ ಡಿಕ್ಕಿಯಾಗುತ್ತದೆ. ಗೋ ಕಾರ್ಟ್‌ನಲ್ಲಿ ಬ್ರೇಕು, ಆಕ್ಸಿಲರೇಟರ್ ಒಟ್ಟಿಗೆ ಒತ್ತಬೇಡಿ, ಗಾಡಿ ಕೆಟ್ಟು ನಿಂತರೆ ಸಿಬ್ಬಂದಿ ಬರುವವರೆಗೆ ಕೆಳಗಿಳಿಯಬೇಡಿ. ವಿಆರ್ ಮೊದಲ ಸಲ 10 ನಿಮಿಷ ಸಾಕು. ಇನ್ನು ಆರ್ಕೇಡ್‌ನ ಗೊಂಬೆ ಎತ್ತುವ ಕ್ಲಾ ಯಂತ್ರ: ಅದರ ಕೊಕ್ಕೆ ಎಷ್ಟು ಬಿಗಿಯಾಗಿ ಹಿಡಿಯಬೇಕು ಎನ್ನುವುದನ್ನು ನಡೆಸುವವರು ಹೊಂದಿಸಿಡಬಹುದು. ಹಾಗಾಗಿ ಮಗುವಿಗೆ ‘ಮೂರು ಸಲ ಮಾತ್ರ’ ಎಂದು ಮುಂಚೆಯೇ ಹೇಳಿ, ಗೊಂಬೆ ಅಂಚಿನವರೆಗೆ ಬಂದು ಬಿದ್ದಾಗ ಆ ಮಾತಿಗೆ ಬದ್ಧರಾಗಿರಿ.

ಹಂತ 9: ಆಟ ನಿಲ್ಲಿಸಬೇಕಾದ ಗುರುತುಗಳು

ಕಿರುಚಾಡುತ್ತಿದ್ದ ಮಗು ಸುಮ್ಮನಾದರೆ ಹೋಗಿ ನೋಡಿ. ಕೈಚಾಚಿದಷ್ಟು ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾಗಿದ್ದರೆ ಸದ್ದು ಕಿವಿಗೆ ಹೆಚ್ಚಾಗಿದೆ. ಆಗಾಗ ಹತ್ತು ನಿಮಿಷ ಹೊರಗೆ ಕರೆತನ್ನಿ. ಕಣಕಾಲು ಉಳುಕಿದವರು ನಾಲ್ಕು ಹೆಜ್ಜೆ ಭಾರ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು, ಉಜ್ಜುತ್ತ ಕೂರಬೇಡಿ. ತಲೆಗೆ ಪೆಟ್ಟಾದರೆ ಆಟ ಆ ದಿನಕ್ಕೆ ಮುಗಿಯಿತು. ಆಮೇಲೆ ವಾಂತಿ, ತೂಕಡಿಕೆ, ಗೊಂದಲದ ಮಾತು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ. ಬಿದ್ದು ಕುತ್ತಿಗೆ ನೋವು ಎನ್ನುವವರನ್ನು ಎಬ್ಬಿಸಿ ಕೂರಿಸಬೇಡಿ, ಅಲ್ಲಾಡಿಸದೆ ನೆರವು ಕರೆಯಿರಿ.

ಬ್ಯಾಗ್ ಪಕ್ಕ ಕೂತವರನ್ನೂ ಇದೇ ಹೊತ್ತಿಗೆ ನೋಡಿ ಬನ್ನಿ. ಅರ್ಧ ಗಂಟೆಗೊಮ್ಮೆ ಆ ಕುರ್ಚಿಯಲ್ಲಿ ಬೇರೆಯವರು ಕೂರುವಂತೆ ಮೊದಲೇ ಸರದಿ ಮಾಡಿಕೊಂಡಿದ್ದರೆ ಯಾರಿಗೂ ಹೇಳಿಸಿಕೊಳ್ಳುವ ಮುಜುಗರ ಇರುವುದಿಲ್ಲ. ಲಾಕರ್ ಸಿಕ್ಕರೆ ಆ ಕುರ್ಚಿಯೇ ಬೇಡ.

ಹಂತ 10: ಹೊರಡುವುದು

ಸ್ಲಾಟ್ ಮುಗಿಯುವ 10 ನಿಮಿಷ ಮುಂಚೆ ಮಕ್ಕಳಿಗೆ ತಿಳಿಸಿ, ಆಮೇಲೆ 3 ನಿಮಿಷ ಇರುವಾಗ ಇನ್ನೊಮ್ಮೆ. ಗೆದ್ದ ಟಿಕೆಟ್‌ಗಳಿಗೆ ಬಹುಮಾನ ಕೊಡುವ ಕೌಂಟರಿನಲ್ಲಿ ಕೊನೆಗೆ ಸಾಲು ಉದ್ದ ಇರುತ್ತದೆ, ಒಬ್ಬರು ಮೊದಲೇ ಹೋಗಿ ನಿಲ್ಲಲಿ. ಬಾಡಿಗೆ ಶೂ ಹಿಂದಿರುಗಿಸಿ, ಕಾರ್ಡಿನ ಉಳಿಕೆ ಕೇಳಿ, ಲಾಕರ್ ಒಳಗೆ ಕೈಹಾಕಿ ಮೂಲೆಯವರೆಗೂ ತಡವಿ ನೋಡಿ. ಕನ್ನಡಕ, ಓಲೆ, ಔಷಧಿ ಚೀಟಿ ಉಳಿದುಹೋಗುವುದು ಅಲ್ಲೇ. ಬಾಗಿಲಲ್ಲಿ ಒಮ್ಮೆ, ವಾಹನದ ಬಳಿ ಒಮ್ಮೆ ತಲೆ ಎಣಿಸಿ.

ಮನೆಗೆ ಬಂದಮೇಲೆ ಅದೇ ಹಾಳೆ ತೆಗೆದು, ಪ್ರತಿ ಹೆಸರಿನ ಮುಂದೆ ಆ ದಿನ ಅವರು ಎಷ್ಟು ಹೊತ್ತು ಆಡಿದರು ಎಂದು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ಸೊನ್ನೆ ಯಾರ ಮುಂದಿದೆಯೋ ಅವರಿಗೆ ಅವತ್ತೇ ಫೋನ್ ಮಾಡಿ, ಮುಂದಿನ ಸಲ ಯಾವ ಆಟ ಎಂದು ಕೇಳಿ.